ಅಪಾಯ ಇರುವುದು ಕೊಳವೆಯ ಆಕಾರದಲ್ಲಿ

ಕಾರ್ಬನ್ ನ್ಯಾನೊಟ್ಯೂಬ್‌ಗಳೆಲ್ಲವೂ, ಅಂದರೆ ಇಂಗಾಲದ ಪರಮಾಣುಗಳಿಂದಾದ ಅತಿಸೂಕ್ಷ್ಮ ಕೊಳವೆಗಳೆಲ್ಲವೂ, ಡಿಎನ್‌ಎಗೆ ಹಾನಿ ಮಾಡುತ್ತವೆ ಎಂದು ನಾನು ಓದಿದ ಲೇಖನವೊಂದರಲ್ಲಿ ಸಾರಾಸಗಟಾಗಿ ಹೇಳಿರುವುದನ್ನು ಒಪ್ಪಲಾರೆ. ಅಪಾಯವಿಲ್ಲವೆಂದಲ್ಲ, ಅದು ಎಲ್ಲಿದೆ ಎಂಬುದೇ ಈ ಮಾತಿನಲ್ಲಿ ಮರೆಯಾಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವ 2ಬಿ ಗುಂಪಿಗೆ ಸೇರಿಸಿದ್ದು ಎಂಡಬ್ಲ್ಯೂಸಿಎನ್‌ಟಿ-7 ಎಂಬ ಒಂದೇ ಬಗೆಯ ಬಹುಪದರದ ಕೊಳವೆಯನ್ನು. ಉಳಿದವುಗಳ ಬಗ್ಗೆ ತೀರ್ಮಾನಕ್ಕೆ ಪುರಾವೆ ಸಾಲದು ಎಂದರೇ ಹೊರತು ಅವು ನಿರಪಾಯಕಾರಿ ಎನ್ನಲಿಲ್ಲ.

ಉದ್ದವಾದ, ಗಡುಸಾದ, ಸೂಜಿಯಂತಹ ಕೊಳವೆಯನ್ನು ಶ್ವಾಸಕೋಶದ ರಕ್ಷಕ ಕೋಶವು ಪೂರ್ತಿ ನುಂಗಲಾರದೆ ಹೆಣಗುವಾಗ ಹೊರಸೂಸುವ ಕ್ರಿಯಾಶೀಲ ಆಮ್ಲಜನಕದ ಕಣಗಳು ಸುತ್ತಲಿನ ಕೋಶಗಳ ಡಿಎನ್‌ಎ ಎಳೆಗಳನ್ನು ತುಂಡರಿಸಬಲ್ಲವು, ಉರಿಯೂತವನ್ನೂ ಆರಗೊಡುವುದಿಲ್ಲ. ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ಮಾಡುವುದೂ ಇದನ್ನೇ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಉದರದೊಳಗೆ ಉದ್ದನೆಯ ಕೊಳವೆಗಳು ಕಲ್ನಾರಿನಂತೆಯೇ ವರ್ತಿಸಿದವು. ಗಿಡ್ಡನೆಯವು, ಸಿಕ್ಕುಗಟ್ಟಿದವು ಹಾಗೆ ವರ್ತಿಸಲಿಲ್ಲ. ಕೋಶ ವಿಭಜನೆಯ ವೇಳೆ ಕ್ರೋಮೋಸೋಮ್‌ಗಳನ್ನು ಎಳೆದು ಬೇರ್ಪಡಿಸುವ ತಂತುಗಳಿಗೆ ಕೆಲವು ಕೊಳವೆಗಳು ತೊಡಕಾಗಿ, ಮರಿಕೋಶಗಳಲ್ಲಿ ಕ್ರೋಮೋಸೋಮ್‌ಗಳ ಸಂಖ್ಯೆಯೇ ಏರುಪೇರಾಗುವ ಇನ್ನೊಂದು ದಾರಿಯನ್ನು ಲೇಖನ ಮುಟ್ಟಿಯೇ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ.

ಗಟ್ಟಿ ರಾಳದಲ್ಲಿ ಬೆರೆತ ಕೊಳವೆಗಿಂತ ಗಾಳಿಯಲ್ಲಿ ತೇಲುವ ಪುಡಿ ಹೆಚ್ಚು ಅಪಾಯಕಾರಿ, ಅದನ್ನು ಮೊದಲು ಉಸಿರಾಡುವವರು ಕಾರ್ಮಿಕರು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 2013ರಲ್ಲಿ ಎಂಟು ಗಂಟೆಯ ಸರಾಸರಿಯಾಗಿ ಘನಮೀಟರ್ ಗಾಳಿಗೆ 1 ಮೈಕ್ರೋಗ್ರಾಂ ಮಿತಿಯನ್ನು ಶಿಫಾರಸು ಮಾಡಿದ್ದು ಅವರಿಗಾಗಿಯೇ. ಆದರೂ ಲೇಖನದಲ್ಲಿ ಗ್ರಾಹಕರ ಪ್ರಸ್ತಾಪವಿದೆ, ಕಾರ್ಮಿಕರದ್ದಿಲ್ಲ.