ಹಂಪಿಗೆ ಹೋಗುವವರು ಹೊಸಪೇಟೆಯಲ್ಲಿ ರೂಮ್ ಮಾಡಬೇಡಿ

ಮೊನ್ನೆ ಆಫೀಸಿನ ಹುಡುಗಿಯೊಬ್ಬಳು ಕೇಳಿದಳು, "ಅಕ್ಕಾ, ಶನಿವಾರ ಭಾನುವಾರ ಹಂಪಿಗೆ ಹೊರಟಿದ್ದೀವಿ. ಹೊಸಪೇಟೆಯಲ್ಲಿ ಒಳ್ಳೇ ಹೋಟೆಲ್ ಯಾವುದು?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹೊಸಪೇಟೆಯಲ್ಲಿ ಉಳಿಯಲೇಬೇಡಿ ಎಂದೆ.

ಹೊಸಪೇಟೆ ಕೆಟ್ಟ ಊರು ಅಂತಲ್ಲ. ಕೃಷ್ಣದೇವರಾಯ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ಊರದು. ರೈಲು ಅಲ್ಲಿಗೇ ಬರುತ್ತದೆ, ಬಸ್ ಅಲ್ಲಿಂದಲೇ ಹೊರಡುತ್ತದೆ, ಲಾಡ್ಜುಗಳು ಬೇಕಾದಷ್ಟಿವೆ. ಆದರೆ ಹಂಪಿಗೂ ಹೊಸಪೇಟೆಗೂ ನಡುವೆ ಸುಮಾರು 13 ಕಿಲೋಮೀಟರ್ ಇದೆ. ಕೈಯಲ್ಲಿ ಎರಡೇ ದಿನ ಇರುವಾಗ ಈ 13 ಕಿಲೋಮೀಟರ್ ಒಂದು ಬೆಳಗನ್ನೂ ಒಂದು ಸಂಜೆಯನ್ನೂ ನುಂಗಿಬಿಡುತ್ತದೆ. ಹಂಪಿಯಲ್ಲಿ ನೋಡಬೇಕಾದದ್ದು ಬೆಳಗು ಮತ್ತು ಸಂಜೆಯೇ.

ನಾನು ಮೊದಲ ಸಲ ಹೋದಾಗ ಮಕ್ಕಳು ಚಿಕ್ಕವರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದೆವು. ಬಸ್ ಸ್ಟ್ಯಾಂಡ್ ಹತ್ತಿರ ಎಸಿ ರೂಮು ಬುಕ್ ಆಗಿತ್ತು. ಲಾಡ್ಜಿನವರು ರೂಮು ಕೊಡಲು ಒಂದು ಗಂಟೆ ಕಾಯಿಸಿದರು. ಸ್ನಾನ, ತಿಂಡಿ, ಆಟೋದವರ ಜೊತೆ ಚೌಕಾಶಿ, ಎಲ್ಲ ಮುಗಿಸಿ ಹಂಪಿ ತಲುಪಿದಾಗ ಗಂಟೆ 11. ಕಲ್ಲು ಆಗಲೇ ಕಾದಿತ್ತು. ಗುಡಿಯೊಳಗೆ ಚಪ್ಪಲಿ ಬಿಟ್ಟು ನಡೆಯಲಾಗದೆ ಚಿಕ್ಕವಳು ಅಳಲು ಶುರು ಮಾಡಿದಳು. ಸಂಜೆ 5 ಆಗುವುದೇ ತಡ, ಆಟೋದವರು "ಹೊರಡೋಣ್ರೀ ಮೇಡಮ್" ಅಂದರು. ಅವರದೇನೂ ತಪ್ಪಿಲ್ಲ, ಮಾತಾಗಿದ್ದೇ ಹಾಗೆ. ಎರಡನೇ ದಿನವೂ ಅದೇ ಕಥೆ. ಊರಿಗೆ ಬಂದು, "ಹಂಪಿ ಅಂದ್ರೆ ಬಿಸಿಲು, ಕಲ್ಲು, ಅಷ್ಟೇ" ಅಂತ ಎಲ್ಲರಿಗೂ ಹೇಳಿದ್ದೆ. ಆ ಮಾತು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಎರಡನೇ ಸಲ ಹಂಪಿ ಊರೊಳಗೇ ಉಳಿದೆವು. ವಿರೂಪಾಕ್ಷ ಗುಡಿಯ ಪಕ್ಕ ಜನತಾ ಪ್ಲಾಟ್ ಅಂತ ಇದೆ. ಇಕ್ಕಟ್ಟಾದ ಓಣಿಗಳು, ಮನೆಗಳ ಮೇಲೆ ಎರಡು ಮೂರು ರೂಮು. ದೊಡ್ಡ ಹೋಟೆಲಿನ ಸೌಕರ್ಯ ಅಲ್ಲಿ ಹುಡುಕಬೇಡಿ. ಗುಡಿಯ ಮಗ್ಗುಲಲ್ಲಿ ಮಲಗಿದ್ದೇವೆ ಅನ್ನುವುದೇ ಅಲ್ಲಿನ ದೊಡ್ಡ ಸೌಕರ್ಯ. ಬೆಳಗಿನ ಜಾವ ಎದ್ದು, ಟಾರ್ಚ್ ಹಿಡಿದು, ಬಜಾರಿನ ಕೊನೆಯಲ್ಲಿರುವ ದೊಡ್ಡ ಕಲ್ಲಿನ ನಂದಿ, 'ಎದುರು ಬಸವಣ್ಣ'ನ ಬಳಿಯಿಂದ ಮಾತಂಗ ಬೆಟ್ಟ ಹತ್ತಿದೆವು. (ಕತ್ತಲಲ್ಲಿ ಒಬ್ಬೊಬ್ಬರೇ ಹತ್ತಬೇಡಿ, ಗುಂಪಾಗಿ ಹೋಗಿ.) ಮೇಲೆ ವೀರಭದ್ರನ ಗುಡಿ. ಸೂರ್ಯ ಬರುವ ಮುಂಚೆ ಕೆಳಗೆ ಅಚ್ಯುತರಾಯನ ಗುಡಿ ಮಂಜಿನಲ್ಲಿ ಅರ್ಧ ಮುಳುಗಿತ್ತು. ಒಂದೊಂದೇ ಬಂಡೆಗೆ ಬಣ್ಣ ಬಂತು. ಬೂದಿ, ಆಮೇಲೆ ಗುಲಾಬಿ, ಆಮೇಲೆ ಬೆಲ್ಲದ ಬಣ್ಣ. ದೊಡ್ಡವಳು ಮಾತೇ ಆಡಲಿಲ್ಲ. ಹಿಂದಿನ ಸಲ ನಾವು ಈ ಹೊತ್ತಲ್ಲಿ ಲಾಡ್ಜಿನಲ್ಲಿ ಬಿಸಿನೀರಿಗೆ ಕಾಯುತ್ತಿದ್ದೆವು!

ಇಳಿದು ತುಂಗಭದ್ರಾ ಹೊಳೆ ದಂಡೆಗೆ ಬಂದರೆ ಗುಡಿಯ ಆನೆ ಲಕ್ಷ್ಮಿಗೆ ಸ್ನಾನ ನಡೆದಿತ್ತು. ಅಲ್ಲಿಂದ ಚಕ್ರತೀರ್ಥ, ಕೋದಂಡರಾಮನ ಗುಡಿ ದಾಟಿ ನದಿ ಪಕ್ಕದಲ್ಲೇ ನಡೆದರೆ ಸುಮಾರು ಎರಡು ಕಿಲೋಮೀಟರಿಗೆ ವಿಠ್ಠಲನ ಗುಡಿ. ಗಾಡಿಯಲ್ಲಿ ಬಂದವರು ದೂರ ನಿಲ್ಲಿಸಿ ಬ್ಯಾಟರಿ ಗಾಡಿಗೆ ಸಾಲು ನಿಲ್ಲಬೇಕು. ನಡೆದು ಬಂದವರಿಗೆ ಆ ಕಾಟವಿಲ್ಲ. ಬಿಸಿಲು ಏರಿದ ಮೇಲೆ ರೂಮಿಗೆ ವಾಪಸ್. ಊಟ, ನಿದ್ದೆ. ಮತ್ತೆ ನಾಲ್ಕೂವರೆಗೆ ಎದ್ದು ಹೇಮಕೂಟ ಬೆಟ್ಟ. ಹೀಗೆ ಮಧ್ಯಾಹ್ನ ಮಲಗಿ ಏಳಬೇಕು ಅಂದರೆ ರೂಮು ನಡೆಯುವಷ್ಟು ಹತ್ತಿರ ಇರಲೇಬೇಕು, ಅಲ್ವಾ?

ಆಚೆ ದಂಡೆಯ ಆನೆಗೊಂದಿ ನನಗೆ ಎಲ್ಲಕ್ಕಿಂತ ಇಷ್ಟ. ಅದು ಬೇರೆ ತಾಲ್ಲೂಕು, ಬೇರೆ ಜಿಲ್ಲೆ. ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ವಿಜಯನಗರ ಹುಟ್ಟುವ ಮುಂಚಿನಿಂದಲೂ ಇರುವ ಊರು. ಇವತ್ತಿಗೂ ಅಲ್ಲಿ ಜನ ಬದುಕುತ್ತಿದ್ದಾರೆ, ಅದೇ ಅದರ ಚೆಂದ. ಗಗನ ಮಹಲಿನ ಎದುರು ಹುಡುಗರು ಆಟ ಆಡುತ್ತಾರೆ. ಕೋಟೆ ಬಾಗಿಲ ನೆರಳಲ್ಲಿ ಅಜ್ಜಂದಿರು ಕೂತಿರುತ್ತಾರೆ. ಸುತ್ತ ಭತ್ತದ ಗದ್ದೆ, ಬಾಳೆ ತೋಟ. ಬಾಳೆ ನಾರಿನಲ್ಲಿ ಬುಟ್ಟಿ, ಚೀಲ ಹೆಣೆಯುವ ಹೆಣ್ಣುಮಕ್ಕಳಿದ್ದಾರೆ. ಹಳೇ ಮನೆಗಳನ್ನೇ ರಿಪೇರಿ ಮಾಡಿ ಹೋಮ್‌ಸ್ಟೇ ನಡೆಸುತ್ತಾರೆ. ನಾವು ಉಳಿದ ಮನೆಯಲ್ಲಿ ಬೆಳಿಗ್ಗೆ ಒಗ್ಗಾಣಿ ಮಿರ್ಚಿ, ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. "ಇನ್ನೊಂದು ರೊಟ್ಟಿ ಹಾಕ್ಲೇನ್ರೀ ಅಕ್ಕಾರ?" ಅಂತ ಕೇಳುತ್ತಾ ಕೇಳುತ್ತಲೇ ತಟ್ಟೆಗೆ ಹಾಕಿಬಿಡುತ್ತಿದ್ದರು. ತಳವಾರಘಟ್ಟದ ಕಡೆಯಿಂದ ಹರಿಗೋಲಿನಲ್ಲಿ ಹೊಳೆ ದಾಟಿದ್ದು ಮಕ್ಕಳಿಗೆ ಇನ್ನೂ ನೆನಪಿದೆ. ಆದರೆ ಒಂದು ಮಾತು. ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ದೋಣಿ, ಹರಿಗೋಲು ಎಲ್ಲ ಬಂದ್. ಆಗ ಬುಕ್ಕಸಾಗರದ ಸೇತುವೆ ಮೇಲೆ ಸುತ್ತಿಕೊಂಡೇ ಬರಬೇಕು. ಸ್ವಂತ ಗಾಡಿ ಇಲ್ಲದವರು ಇದನ್ನು ಮೊದಲೇ ಲೆಕ್ಕ ಹಾಕಿ.

ಆ್ಯಪ್‌ಗಳಲ್ಲಿ ನೋಡುವಾಗ ಹುಷಾರು. ಹಂಪಿ ಅಂತ ಬರೆದ ಎಷ್ಟೋ ಜಾಗಗಳು ನಿಜವಾಗಿ ಆಚೆ ದಂಡೆಯಲ್ಲಿವೆ, ಸಾಣಾಪುರದ ಕಡೆ. ನನ್ನ ತಂಗಿಗೆ ಹೀಗೇ ಆಯಿತು. ರಾತ್ರಿ 9ಕ್ಕೆ ವಿರೂಪಾಕ್ಷನ ಗುಡಿ ಎದುರು ನಿಂತು ರೂಮು ಹುಡುಕುತ್ತಿದ್ದಳು, ರೂಮು ಹೊಳೆಯಾಚೆ! ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಹೊಳೆಯ ಯಾವ ದಂಡೆ? ಪರ್ಮಿಷನ್ ಇದೆಯಾ?

ಎರಡನೇ ಪ್ರಶ್ನೆ ಯಾಕೆ ಅಂದರೆ, ಹಂಪಿ 1986ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ. ಎಲ್ಲೆಂದರಲ್ಲಿ ಕಟ್ಟುವ ಹಾಗಿಲ್ಲ. ವಿರೂಪಾಪುರ ಗಡ್ಡೆ ನೆನಪಿದೆಯಾ? ಹೊಳೆ ನಡುವಿನ ಆ ನಡುಗಡ್ಡೆಯ ರೆಸಾರ್ಟುಗಳ ಬಗ್ಗೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ಕೆಡವಿದರು. ಅದಕ್ಕೂ ಮುಂಚೆ, 2011ರ ಜುಲೈನಲ್ಲಿ, ಹಂಪಿ ಬಜಾರಿನ ಕಲ್ಲು ಮಂಟಪಗಳಲ್ಲಿ ಸಂಸಾರ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಸ್ಮಾರಕ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಜನ ಕಡ್ಡಿರಾಂಪುರದ ಕಡೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು ಅನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಹಾಗಾಗಿ ನನ್ನ ರೂಮಿನ ದುಡ್ಡು, ಊಟದ ದುಡ್ಡು ಆ ಊರಿನ ಮನೆಯವರ ಕೈಗೇ ಹೋಗಲಿ ಅಂತ ನಾನು ಹಟ ಹಿಡಿಯುತ್ತೇನೆ. ಪರ್ಮಿಷನ್ ಇರುವ, ಊರವರೇ ನಡೆಸುವ ಮನೆಗಳಿವೆ. ಹುಡುಕಿದರೆ ಸಿಗುತ್ತವೆ.

ಇನ್ನೊಂದು ಮಾತು ಹೇಳಲೇಬೇಕು. 2025ರ ಮಾರ್ಚಿನಲ್ಲಿ ಸಾಣಾಪುರದ ಹತ್ತಿರ ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ನಡೆದ ಅತ್ಯಾಚಾರ, ಕೊಲೆಯ ಘೋರ ಎಲ್ಲರಿಗೂ ಗೊತ್ತಿದೆ. ಆ ಕಡೆ ಉಳಿದರೆ ಊರೊಳಗಿನ ಮನೆ ನೋಡಿ, ರಾತ್ರಿ ಕಾಲುವೆ ದಂಡೆಗೆ ಹೋಗಬೇಡಿ. ಹೆಣ್ಣುಮಕ್ಕಳು ಹೆದರಿ ಮನೆಯಲ್ಲಿರಿ ಅಂತ ಹೇಳುತ್ತಿಲ್ಲ. ಹಾಗೆ ಹೇಳುವ ಜನ ಬೇಕಾದಷ್ಟಿದ್ದಾರೆ. ಹೋಗಿ, ಜಾಗ ನೋಡಿ ಆರಿಸಿ ಅಂತಿದ್ದೇನೆ.

ವಯಸ್ಸಾದವರು ಜೊತೆಗಿದ್ದರೆ ಮಾತ್ರ ನನ್ನ ಸಲಹೆ ಬೇರೆ: ಕಮಲಾಪುರ. ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಹೋದಾಗ ಅಲ್ಲೇ ಉಳಿದೆವು. ಅಮ್ಮನಿಗೆ ಮಂಡಿ ನೋವು, ಇಂಡಿಯನ್ ಟಾಯ್ಲೆಟ್ ಆಗುವುದಿಲ್ಲ, ಮೆಟ್ಟಿಲೂ ಆಗುವುದಿಲ್ಲ. ಕಮಲಾಪುರದಲ್ಲಿ ಸರ್ಕಾರದ ಮಯೂರ ಭುವನೇಶ್ವರಿ ಇದೆ, ದುಬಾರಿ ರೆಸಾರ್ಟೂ ಇದೆ. ಕಮಲ ಮಹಲ್, ಗಜಶಾಲೆ, ಹಜಾರ ರಾಮನ ಗುಡಿ, ಮಹಾನವಮಿ ದಿಬ್ಬ ಎಲ್ಲ ಈ ಕಡೆಗೇ ಹತ್ತಿರ. ಮ್ಯೂಸಿಯಂ ಕಮಲಾಪುರದಲ್ಲೇ ಇದೆ, ಶುಕ್ರವಾರ ಮಾತ್ರ ರಜೆ. ಅಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ. ಅಮ್ಮ ಅದರ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿ, "ಬೆಟ್ಟ ಹತ್ತದೇನೇ ಎಲ್ಲ ನೋಡಿದ ಹಾಗಾಯ್ತಲ್ಲೇ" ಅಂದರು. ಸಂಜೆ ಆಟೋದಲ್ಲಿ ವಿರೂಪಾಕ್ಷನ ಗುಡಿಗೆ ಕರೆದುಕೊಂಡು ಹೋದೆ. ಐದೇ ನಿಮಿಷ ಅಂತ ಕೂತವರು ಮಂಗಳಾರತಿ ಆಗುವವರೆಗೂ ಏಳಲಿಲ್ಲ.

ಆಫೀಸಿನ ಹುಡುಗಿ ಕೊನೆಗೆ ಹೊಸಪೇಟೆಯ ಬುಕಿಂಗ್ ಕ್ಯಾನ್ಸಲ್ ಮಾಡಿದಳು. ಆನೆಗೊಂದಿಯಲ್ಲಿ ನಾವು ಉಳಿದಿದ್ದ ಹೋಮ್‌ಸ್ಟೇಯವರಿಗೆ ನಾನೇ ಫೋನ್ ಹಚ್ಚಿಕೊಟ್ಟೆ. ಆ ಅಮ್ಮ ಬಾಡಿಗೆ ಮಾತು ಎತ್ತುವ ಮುಂಚೆ ಕೇಳಿದ್ದು, "ಎಷ್ಟು ಮಂದಿ ಬರ್ತಾರ್ರೀ? ಮಕ್ಳದಾವೇನು? ಹಂಗಾದ್ರ ಖಾರ ಕಡಿಮಿ ಹಾಕ್ತೀನಿ."