ಓಟು ಪುಣೆಯಲ್ಲಿ, ಜಗಳ ಬಳ್ಳಾರಿಯಲ್ಲಿ

2024ರ ಲೋಕಸಭೆ ಚುನಾವಣೆಗೆ ಬಳ್ಳಾರಿಯಲ್ಲಿ ಮೇ 7ಕ್ಕೆ ಮತದಾನ, ಪುಣೆಯಲ್ಲಿ ಮೇ 13ಕ್ಕೆ. ನನ್ನ ಓಟು ಇರುವುದು ಪುಣೆಯಲ್ಲಿ. ನಾನು ಜಗಳ ಆಡಿದ್ದೆಲ್ಲ ಬಳ್ಳಾರಿಯವರ ಜೊತೆ.

ನಮ್ಮದೊಂದು ಹೈಸ್ಕೂಲು ಗೆಳೆಯರ ವಾಟ್ಸಾಪ್ ಗ್ರೂಪ್ ಇದೆ. ಅರ್ಧ ಜನ ಊರಲ್ಲೇ ಇದ್ದಾರೆ. ಜೀನ್ಸ್ ಹೊಲಿಸುವವರು, ಮೇಷ್ಟ್ರು, ಮೆಡಿಕಲ್ ಶಾಪ್ ಇಟ್ಟವನು. ಉಳಿದವರು ನನ್ನ ಹಾಗೆ ಹೊರಗೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಸುಮ್ನೆ ಹಳೇ ಮೆಸೇಜು ನೋಡುತ್ತ ಹೋದೆ. 'ಗುಲಾಮ', 'ಅಂಧಭಕ್ತ', ಅರ್ಧಕ್ಕೆ ಕತ್ತರಿಸಿದ ಭಾಷಣಗಳು. ಕಳಿಸಿದವರು ಯಾರು? ಪುಣೆ, ಹೈದರಾಬಾದ್, ದುಬೈ! ಊರಲ್ಲಿದ್ದವರು ಹಾಕಿದ್ದು ಒಂದು ಮದುವೆ ಕಾರ್ಡು, 'ಕರೆಂಟ್ ಹೋಗೈತೆ', 'ಬಿಸ್ಲು ಭಾಳ ಐತೆ'.

ಅವರಿಗೆ ರಾಜಕೀಯ ಬೇಡ ಅಂತಲ್ಲ. ನಮಗಿಂತ ಜಾಸ್ತಿನೇ ಬೇಕು. ಆದರೆ ಇವತ್ತು ಬೈದವನ ಅಂಗಡಿಗೇ ನಾಳೆ ಮಾತ್ರೆಗೆ ಹೋಗಬೇಕಲ್ವಾ?

1999 ನೆನಪಿದೆ. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ನಮ್ಮೂರಿಗೆ ಬಂದು ನಿಂತಿದ್ದರು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು. ಗೆದ್ದವರು ಸೋನಿಯಾ, ಸುಮಾರು 56 ಸಾವಿರ ಮತಗಳಿಂದ. ಕೌಲ್ ಬಜಾರಿನ ಮಿರ್ಚಿ ಬಂಡಿ ಎದುರು ನಮ್ಮಪ್ಪ, ಪಕ್ಕದ ಮನೆ ಮಾಮ ಇಬ್ಬರೂ 'ದೇಶದ ಮಗಳು ಸುಷ್ಮಾನಾ, ಸೊಸೆ ಸೋನಿಯಾನಾ' ಅಂತ ಗಂಟಲು ಹರಿದುಕೊಳ್ಳುತ್ತಿದ್ದರು. ಒಂದು ಸಂಜೆ ಮಾಮ ಸಿಟ್ಟಿಗೆದ್ದು ಹೊರಟೇಬಿಟ್ಟರು. ಅಪ್ಪ ಕೂಗಿದರು: 'ಏ, ಮಂಡಕ್ಕಿ ಒಗ್ಗರಣೆ ಆರಿ ಹೋಗ್ತೈತೆ, ತಿಂದು ಹೋಗಪ್ಪಾ.' ಮಾಮ ತಿರುಗಿ ಬಂದರು. ಮಿರ್ಚಿ ಕಡಿಯುತ್ತಲೇ ಮತ್ತೆ ಶುರು. (ದುಡ್ಡು ಯಾರು ಕೊಡಬೇಕು ಅನ್ನೋದು ಬೇರೆ ಜಗಳ.)

ಇಲ್ಲಿ ಪುಣೆಯಲ್ಲಿ ನಮ್ಮ ಸೊಸೈಟಿಯವರು ಚುನಾವಣೆಗೆ ಮುಂಚೆ ಗ್ರೂಪನ್ನು 'ಅಡ್ಮಿನ್ ಮಾತ್ರ' ಮಾಡಿಬಿಟ್ಟರು. ನೀರಿನ ಟ್ಯಾಂಕರ್ ಎಷ್ಟೊತ್ತಿಗೆ ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ. ಎಷ್ಟು ಶಾಂತಿ ಅಂತ ಹೊಗಳೋಣ ಅಂದರೆ, ದಿನಾ ಲಿಫ್ಟಿನಲ್ಲಿ ಸಿಗುವವನ ಹೆಸರೇ ನನಗೆ ಗೊತ್ತಿಲ್ಲ. ಅವನ ಜೊತೆ ಜಗಳ ಎಲ್ಲಿಂದ ಬರಬೇಕು?

ನನ್ನದೂ ಒಂದು ತಪ್ಪಿದೆ. 'ಹಲವು ಬಾರಿ ಫಾರ್ವರ್ಡ್ ಆಗಿದೆ' ಅಂತ ಎರಡು ಬಾಣದ ಗುರುತಿದ್ದ ವಿಡಿಯೋ ಬಂತು. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ವಾಟ್ಸಾಪ್ 2020ರಲ್ಲಿ ತಂದ ಕಡಿವಾಣ ಅದು. ಆ ಒಂದಕ್ಕೆ ನಾನು ನಮ್ಮ ಹೈಸ್ಕೂಲು ಗ್ರೂಪನ್ನೇ ಆರಿಸಿದೆ. ಅದರಲ್ಲಿ ಒಂದು ಜಾತಿಯವರನ್ನು ಆಡಿಕೊಂಡಿದ್ದರು. ಮೆಡಿಕಲ್ ಶಾಪಿನವನ ಜಾತಿ ಅದು. ನನಗೆ ಹೊಳೆಯಲೇ ಇಲ್ಲ. ಅವನು ಒಂದು ಮಾತೂ ಆಡದೆ ಗ್ರೂಪ್ ಬಿಟ್ಟ.

ಮತದಾನದ ಮಾರನೇ ದಿನ ಅಪ್ಪ ಫೋನು ಮಾಡಿದರು. 'ಬಿಪಿ ಮಾತ್ರೆ ಮನೆಗೇ ತಂದುಕೊಟ್ಟ ನಿನ್ ದೋಸ್ತ. ಚಾ ಕುಡ್ದು ಹೋದ. ನೀನು ಹೆಂಗಿದಿಯ ಅಂತ ಕೇಳಿದ.'

ಅವನ ನಂಬರು ನನ್ನ ಹತ್ತಿರ ಇದೆ. ಇನ್ನೂ ಫೋನು ಮಾಡಿಲ್ಲ.