ಅಕ್ಕನ ಡ್ಯೂಟಿ ಲಿಸ್ಟ್

ಕಳೆದ ಹುತ್ತರಿ ಹಬ್ಬಕ್ಕೆ ಇಂಗ್ಲೆಂಡಿನಿಂದ ನಾನು ಬಂದು ಮುಟ್ಟಿದೆ. ಮಡಿಕೇರಿಯಲ್ಲೇ ಸ್ಟಾಫ್ ನರ್ಸ್ ಆಗಿರುವ ಅಕ್ಕನಿಗೆ ಬರಲಾಗಲಿಲ್ಲ. ಹಿಂದಿನ ಸಂಜೆ ಫೋನ್ ಬಂತು, ‘ನಾಳೆ ನೈಟ್ ಬನ್ನಿ ಸಿಸ್ಟರ್’ ಅಂತ. ನಾವು ಗದ್ದೆಯಲ್ಲಿ ‘ಪೊಲಿ ಪೊಲಿ ದೇವಾ’ ಎಂದು ಕದಿರು ತೆಗೆಯುವಾಗ ಅವಳು ವಾರ್ಡಿನಲ್ಲಿದ್ದಳು. ಅಮ್ಮ ಅವಳ ಪಾಲಿನ ತಂಬಿಟ್ಟನ್ನು ಡಬ್ಬಿಗೆ ಹಾಕಿಟ್ಟರು.

ನಾನೂ ನರ್ಸೇ. ಅಲ್ಲಿ ನಮ್ಮ ಡ್ಯೂಟಿ ಲಿಸ್ಟ್ ವಾರಗಟ್ಟಲೆ ಮೊದಲೇ ಕೈಗೆ ಸಿಗುತ್ತದೆ. ವಾರಕ್ಕೆ 37.5 ಗಂಟೆ ಕೆಲಸ. ಮಗುವನ್ನು ಶಾಲೆಗೆ ಬಿಡಬೇಕು, ಪಾಳಿ ಬದಲಿಸಿ ಎಂದು ಸೇರಿದ ಮೊದಲ ದಿನವೇ ಅರ್ಜಿ ಕೊಡಬಹುದು. 2024ರ ಏಪ್ರಿಲ್‌ನಿಂದ ಹಾಗೆ ಕೇಳುವುದು ಎಲ್ಲ ನೌಕರರ ಹಕ್ಕು. ಕೇಳಿದ್ದೆಲ್ಲ ಸಿಗುತ್ತದೆ ಅಂತಲ್ಲ, ಆದರೆ ಕೇಳಿದ್ದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ.

ಅಲ್ಲೂ ಕಷ್ಟವಿದೆ. 12 ಗಂಟೆಯ ಪಾಳಿ ಮುಗಿಸಿದರೆ ಮರುದಿನ ಬೆನ್ನು ಏಳಲು ಬಿಡುವುದಿಲ್ಲ. ಸಂಬಳ ಸಾಲದೆ 2022ರ ಡಿಸೆಂಬರಿನಲ್ಲಿ ನರ್ಸ್‌ಗಳು ಮುಷ್ಕರಕ್ಕೇ ಇಳಿದರು.

ಪ್ರತಿ ವರ್ಷ ನಮಗೊಂದು ಪ್ರಶ್ನೆಪತ್ರ ಬರುತ್ತದೆ. ಕೆಲಸಕ್ಕೆ ಹೋಗಲು ಮನಸ್ಸಾಗುತ್ತದಾ ಎಂದೂ ಅದರಲ್ಲಿ ಕೇಳುತ್ತಾರೆ. ಅದನ್ನೇ ಅಕ್ಕನಿಗೆ ಕೇಳಿದೆ. ‘ವಾರ್ಡಿಗೆ ಕಾಲಿಟ್ಟರೆ ಎಲ್ಲ ಮರೆತುಹೋಗುತ್ತೆ ಕಣೇ. ಅಲ್ಲಿಗೆ ಹೋಗಿ ಬರೋದೇ ಕಷ್ಟ’ ಅಂದಳು. ನಿಜ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಅವಳು ಮೂರು ದಿನ ಮನೆಗೇ ಬರಲಿಲ್ಲ. ಯಾರೂ ಬಲವಂತ ಮಾಡಿರಲಿಲ್ಲ. ಅಂಥವಳು ಇತ್ತೀಚೆಗೆ ಕೆಲಸ ಬಿಡುವ ಮಾತಾಡುತ್ತಾಳೆ. ಮಧ್ಯಾಹ್ನದ ಪಾಳಿ ಮುಗಿಯುವುದು ರಾತ್ರಿ ಎಂಟಕ್ಕೆ. ಆ ಹೊತ್ತಿಗೆ ಚೇರಂಬಾಣೆ ಕಡೆ ಬಸ್ ಸಿಕ್ಕರೆ ಪುಣ್ಯ. ಆಟಿ ತಿಂಗಳ ಮಳೆಯಲ್ಲಿ, ಮರ ಬಿದ್ದ ದಾರಿಯಲ್ಲಿ, ಭಾವ ಬೈಕ್ ತಂದು ಕಾಯುತ್ತಾರೆ. ಭಾವ ತೋಟದಿಂದ ಬರುವುದು ತಡವಾದ ದಿನ ಮಗಳು ಪಕ್ಕದ ಮನೆಯಲ್ಲೇ ನಿದ್ದೆ ಹೋಗಿರುತ್ತಾಳೆ.

ಹೆಂಗಸರ ಮನಸ್ಸು ಮನೆ ಕಡೆಗೇ ಜಾಸ್ತಿ, ಅದಕ್ಕೇ ಕೆಲಸ ಬಿಡುತ್ತಾರೆ ಎನ್ನುವವರಿದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಾಳೆ ಯಾವ ಪಾಳಿ ಎಂದು ಗೊತ್ತಿಲ್ಲದವಳು ಮನೆಯನ್ನು ಹೇಗೆ ತೂಗಿಸಬೇಕು?

50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಆಸ್ಪತ್ರೆಯಲ್ಲಿ ಶಿಶುವಿಹಾರ ಇರಬೇಕೆಂದು ನಮ್ಮ ಕಾನೂನೇ 2017ರಿಂದ ಹೇಳುತ್ತಿದೆ. ಅದರ ಜೊತೆಗೆ ಮಳೆಗಾಲದಲ್ಲಿ ರಾತ್ರಿ ಮನೆಗೆ ಬಿಡಲು ಒಂದು ವ್ಯಾನ್ ಕೊಡಲಿ. ಇದಕ್ಕೆಲ್ಲ ಹಣ ಬೇಕು, ಒಪ್ಪುತ್ತೇನೆ. ಡ್ಯೂಟಿ ಲಿಸ್ಟನ್ನು ಒಂದು ತಿಂಗಳು ಮೊದಲೇ ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು, ಅಲ್ವಾ?